ಪುಡಿಗೆ ತಾಗಿದ ದೃಷ್ಟಿ

"ಹೇಗಿದೆ ಅಂತ ಹೇಳ್ತೀರೋ, ಇಲ್ಲ ನಾನೇ ನೋಡ್ಲೋ?" ಎಂದು ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

ಗಂಡ ಕಂಪ್ಯೂಟರಿನ ಪರದೆಗೆ ಅಡ್ಡವಾಗಿ ಕೂತ. ಪ್ರಯೋಗಾಲಯದಲ್ಲಿ ಕ್ಷ-ಕಿರಣದ ಯಂತ್ರ ನಡೆಸುವವನು ಅವನು. ಬ್ಯಾಟರಿಯ ಕ್ಯಾಥೋಡಿಗೆ, ಅಂದರೆ ಧನ ತುದಿಗೆಂದು, ಈಗ ಯಂತ್ರದೊಳಗಿದ್ದ ನಿಕ್ಕಲ್ ಬೆರೆತ ಕಪ್ಪು ಪುಡಿಯನ್ನು ಕುಲುಮೆಯಲ್ಲಿ ಬೇಯಿಸಿದವಳು ಅವಳು. ಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ತಲೆ ಕೆಡಿಸಿಕೊಳ್ಳದವಳು, ಕುಲುಮೆಯ ಬಿಸಿ ತುಸು ಹೆಚ್ಚಾದರೆ ಊಟ ಬಿಡುತ್ತಿದ್ದಳು.

ಚಾರ್ಜ್ ಮಾಡಿದ ಪುಡಿಗೆ ಕಿರಣ ಬಿಟ್ಟಾಗ ನಿಕ್ಕಲ್‌ನ ಗೆರೆ ಪರದೆಯ ಬಲಗಡೆ ಮೇಲೇಳಬೇಕು. ಎದ್ದರೆ ಪುಡಿ ಗೆದ್ದ ಹಾಗೆ. ಇಲ್ಲದಿದ್ದರೆ ಈ ಪುಡಿಯ ಕೆಲಸ ಇವತ್ತಿಗೇ ನಿಲ್ಲಿಸಿಬಿಡಿ ಎಂದು ಪ್ರಯೋಗಾಲಯದ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿಯಾಗಿತ್ತು. ಸಂಜೆಗೆ ಯಂತ್ರ ಬೇರೆ ತಂಡದ ಪಾಲು.

"ಗೆರೆ ಎಡಕ್ಕೇ ಜಾರ್ತಿದೆ ಕಣೇ. ಬೆಳಗ್ಗೆಯಿಂದ ಮಾಡಿದ್ದೇ ಮಾಡಿದೆ. ನಿನ್ನ ಮುಖ ನೆನೆಸ್ಕೊಂಡು ಇನ್ನೊಂದು ಸಲ, ಮತ್ತೊಂದು ಸಲ..."

ಅವಳ ಮುಖ ಬಾಡಿತು. ಕುರ್ಚಿ ಎಳೆದುಕೊಂಡು ಗೆರೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡಿದಳು. ಪ್ರತಿ ಗೆರೆಯೂ ಹಿಂದಿನದಕ್ಕಿಂತ ಚೂರು ಎಡಕ್ಕಿತ್ತು. ಪುಡಿಯೇ ಕೆಟ್ಟದ್ದಾಗಿದ್ದರೆ ಎಲ್ಲವೂ ಒಂದೇ ಕಡೆ ಬೀಳಬೇಕಿತ್ತಲ್ಲ.

"ರೀ, ಪುಡಿನ ಎಷ್ಟು ಸಲ ಜರುಗಿಸಿದ್ರಿ?"

"ಜರುಗಿಸೋದ್ಯಾಕೆ? ಒಳ್ಳೇ ಜಾಗ ಸಿಕ್ಕಿತ್ತು, ಅಲ್ಲೇ..." ಮಾತು ಮುಗಿಯುವ ಮೊದಲೇ ಅವನ ಕಿವಿ ಕೆಂಪಾಯಿತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿಟ್ಟರೆ ಕಿರಣವೇ ನಿಕ್ಕಲನ್ನು ಕೆಡಿಸುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳುವವನು ಅವನೇ. ಬೇರೆಯವರ ಪುಡಿಯಾಗಿದ್ದರೆ ಎರಡು ಸಲ ನೋಡಿ ಎದ್ದಿರುತ್ತಿದ್ದ. ಇವಳದ್ದೆಂದು ಬಿಡಲು ಮನಸ್ಸು ಬರಲಿಲ್ಲ.

"ನಿಮ್ಮ ದೃಷ್ಟಿಯೇ ತಾಗಿದೆಯಲ್ರೀ ನನ್ನ ಪುಡಿಗೆ!" ಬೈಯಲು ಹೊರಟವಳಿಗೆ ನಗು ತಡೆಯಲಾಗಲಿಲ್ಲ. ಇಂಥ ಪೆದ್ದನನ್ನು ಕಟ್ಟಿಕೊಂಡದ್ದಕ್ಕೆ ಅವಳಿಗೆ ಆ ಗಳಿಗೆಯಲ್ಲಿ ಖುಷಿಯೇ ಆಯಿತು.

ಅವನು ಕಿರಣದ ಬಲ ತಗ್ಗಿಸಿ, ಪುಡಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದ. ಕಿರಣ ಇನ್ನೂ ಮುಟ್ಟದ ಜಾಗ ಅದು. ಹೊಸ ಗೆರೆ ಪರದೆಯ ಎಡದಿಂದ ನಿಧಾನಕ್ಕೆ ಹೊರಟಿತು. ಹಳೆಯ ಗೆರೆಗಳು ಎದ್ದ ಜಾಗ ಬಂತು, ಇದು ಏಳಲಿಲ್ಲ. ಹಾಗೇ ಮುಂದಕ್ಕೆ ಹರಿದು, ಬಲಗಡೆ ಅವಳು ಬೆರಳಿಟ್ಟು ಕಾಯುತ್ತಿದ್ದ ಕಡೆಯೇ ತಲೆಯೆತ್ತಿತು. ಇಬ್ಬರೂ ಉಸಿರು ಬಿಟ್ಟದ್ದು ಆಮೇಲೆ.

"ಇಲ್ಲೇ ಇನ್ನೊಂದೇ ಒಂದು ಸಲ ನೋಡಿಬಿಡ್ಲಾ?" ಅವನ ಕೈ ಮತ್ತೆ ಮೌಸಿನತ್ತ ಹೋಯಿತು.

ಅವಳು ಆ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಕಿರಣದ ಬಾಗಿಲು ಮುಚ್ಚುವ ಗುಂಡಿ ಒತ್ತಿದಳು.