ಸುಧಾಗ ಬಿಗಿ ಆಗೇತಿ

ಬಸುರಿಯರ ಜಂಪರ ಹೊಲಿಯುವಾಗ ನಾನು ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತೇನೆ. ತಿಂಗಳು ಕಳೆದಂತೆ ಬಿಗಿಯಾಗುತ್ತದೆ, ತರುತ್ತಾರೆ, ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುತ್ತೇನೆ. ಹತ್ತಿಮತ್ತೂರಿನಲ್ಲಿ ಹದಿನಾರು ವರ್ಷದಿಂದ ಇದೇ ನನ್ನ ಕೆಲಸ. ಬಸುರಿಯ ಜಂಪರವನ್ನು ಬಿಗಿ ಮಾಡಿಕೊಡು ಅಂತ ತಂದವಳು ಸರೋಜವ್ವ ಒಬ್ಬಳೇ.

ಅದು ಅವಳ ಸೊಸೆ ಶ್ವೇತಾಳ ಕುಬುಸದ ಕಾರ್ಯಕ್ಕೆಂದು ಐದನೇ ತಿಂಗಳಲ್ಲಿ ನಾನೇ ಹೊಲಿದ ಹಸಿರು ಜಂಪರ. ಕಾರ್ಯ ಮುಗಿದು ನಾಲ್ಕು ವಾರ ಆಗಿತ್ತು, ಅಷ್ಟೆ.

"ತೋಳು, ಎದಿ ಎಲ್ಲಾ ಜೋತು ಬಿದ್ದೈತಿ. ಬಿಗಿ ಮಾಡು. ಒಳಗಿನ ಬಟ್ಟಿ ಚುಚ್ಚತೈತಂತ, ಅದನ್ನ ಕತ್ತರಿಸಿಬಿಡು," ಅಂದಳು. ಆಮೇಲೆ ಚೀಲದಿಂದ ಇನ್ನೊಂದು ಹಸಿರು ಜಂಪರ ತೆಗೆದಳು. "ಇದನ್ನ ಸಡ್ಲ ಮಾಡು. ಸುಧಾಗ ಬಿಗಿ ಆಗೇತಿ."

ಸುಧಾರಾಣಿ ಅವಳ ಮಗಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ದೊಡ್ಡದು, ಹೊರಗೆ ಬರಲಿಲ್ಲ. ಆಸ್ಪತ್ರೆ ಮುಟ್ಟುವ ಮುಂಚೆ ತಾಯಿ ಕೂಸು ಇಬ್ಬರೂ ಹೋಗಿ ನಾಲ್ಕು ವರ್ಷ ಆಗಿತ್ತು.

ನನ್ನ ಬಾಯಿ ಎಂಥದ್ದು ಅಂತ ಊರಿಗೆಲ್ಲ ಗೊತ್ತು. ಆದರೂ ಆವತ್ತು ಸುಮ್ಮನಿದ್ದೆ. ಮಗಳನ್ನು ಮಣ್ಣು ಮಾಡಿದ ತಾಯಿಗೆ ಏನು ಹೇಳುವುದು? ನಾಲ್ಕು ಹೊಲಿಗೆ ಬಿಚ್ಚಿದರೆ ನನ್ನ ಗಂಟೇನು ಹೋಗುತ್ತದೆ ಅಂದುಕೊಂಡು ಎರಡೂ ಕೆಲಸ ಮಾಡಿಕೊಟ್ಟೆ.

ಮುಂದಿನ ತಿಂಗಳು ಮತ್ತೆ ಬಂದಳು. ಶ್ವೇತಾಳದ್ದನ್ನು ಇನ್ನೂ ಬಿಗಿ ಮಾಡಬೇಕು, ಸುಧಾಳದ್ದನ್ನು ಇನ್ನೂ ಸಡಿಲ ಮಾಡಬೇಕು. ಸುಧಾಳ ಜಂಪರ ಕೈಗೆತ್ತಿಕೊಂಡೆ. ಪಕ್ಕದ ಹೊಲಿಗೆ ಎಳೆದಾಡಿ ಒಂದೆರಡು ಕಡೆ ದಾರ ಹರಿದಿತ್ತು. ಕಂಕುಳಲ್ಲಿ ಬೆವರಿನ ಹಸಿ ಇನ್ನೂ ಆರಿರಲಿಲ್ಲ. ಸರೋಜವ್ವನೋ ಒಣಕಲು ಹೆಂಗಸು, ಆ ಜಂಪರದಲ್ಲಿ ಅವಳಂಥವರು ಇಬ್ಬರು ಹಿಡಿಸುತ್ತಿದ್ದರು.

"ಇದನ್ನ ಯಾರು ಹಾಕ್ಕೊಳ್ತಾರ್ರಿ?" ಅಂತ ಕೇಳಿಯೇಬಿಟ್ಟೆ.

"ಯಾರ್ದೈತೋ ಅವರ."

"ಸಡ್ಲ ಮಾಡಾಕ ಒಳಗ ಬಟ್ಟಿ ಉಳಿದಿಲ್ರಿ."

"ಶ್ವೇತಾಂದ್ರಾಗ ಕತ್ತರಿಸಿದ್ದು ಐತೆಲ್ಲ. ಅದನ್ನ ಪಟ್ಟಿ ಹಚ್ಚು."

ಹಚ್ಚಿದೆ. ಎರಡೂ ಒಂದೇ ಹಸಿರು, ಎಲ್ಲಿ ಕೂಡಿಸಿದ್ದೇನೆ ಅಂತ ನನಗೇ ಕಾಣಲಿಲ್ಲ. 

ಎಂಟನೇ ತಿಂಗಳು ದಾಟುವ ಹೊತ್ತಿಗೂ ಆ ಎರಡು ಜಂಪರ ನನ್ನಲ್ಲೇ ಇದ್ದವು. ಸರೋಜವ್ವ ಬರಲಿಲ್ಲ. ಒಂದು ಮಧ್ಯಾಹ್ನ ನಾನೇ ತಗೊಂಡು ಹೋದೆ. ಅವಳು ಹಿತ್ತಲಲ್ಲಿದ್ದಳು. ಮಗ ಲೋಹಿತ ಕೊಯ್ಲಿನ ಮಷೀನು ಓಡಿಸುವವನು, ಸೀಸನ್ನಿನಲ್ಲಿ ಮನೆಯಲ್ಲಿರುವುದೇ ಇಲ್ಲ. ಅಡುಗೆಮನೆಯ ಗೋಡೆಗೆ ಒರಗಿ ಶ್ವೇತಾ ಊಟಕ್ಕೆ ಕೂತಿದ್ದಳು. ಬಳೆಗಳು ಮೊಣಕೈವರೆಗೂ ಸರಿದಿದ್ದವು. ಅವಳ ತಾಟಿನಲ್ಲಿ ಅರ್ಧ ರೊಟ್ಟಿ. ಪಕ್ಕದಲ್ಲಿ ಇನ್ನೊಂದು ತಾಟು, ಎರಡು ರೊಟ್ಟಿ, ಝುಣಕ, ಬೆಣ್ಣೆ, ಲೋಟದ ತುಂಬ ಹಾಲು. ಅದರ ಮುಂದೆ ಯಾರೂ ಇರಲಿಲ್ಲ.

"ಅದು ಯಾರ ತಾಟವ್ವಾ?"

"ಸುಧಾಕ್ಕಂದ್ರಿ. ಅತ್ತಿ ದಿನಾ ಇಡ್ತಾರ. ನಂಗ ಅರ್ಧ ಸಾಕಂತ. ಕೂಸು ಸಣ್ಣದಿದ್ರ ಹಗೂರ ಹಡೀತಿ ಅಂತಾರ." ಆಮೇಲೆ ದನಿ ತಗ್ಗಿಸಿದಳು. "ಉಣ್ಣೋ ಹೊತ್ತಿಗೆ ಆಕಿ ಬಂದು ಬಾಜೂಕ ಕುಂದ್ರತಾಳ್ರಿ ಅಕ್ಕಾರ. ನನ್ನ ಹೊಟ್ಟೀನ ನೋಡ್ತಿರ್ತಾಳ."

ಕೊರಳಲ್ಲಿದ್ದ ಟೇಪು ತೆಗೆದು ಅವಳ ಹೊಟ್ಟೆಯ ಸುತ್ತ ಹಿಡಿದೆ. ಕುಬುಸದ ಹೊತ್ತಿಗೆ ಹಿಡಿದ ಅಳತೆ ನೆನಪಿತ್ತು. ಅದಕ್ಕಿಂತ ನಾಲ್ಕು ಬೆರಳೂ ಹೆಚ್ಚಿರಲಿಲ್ಲ.

"ಕೂಸು ಮಿಸುಗಾಡ್ತೈತೇನು?"

"ನಿನ್ನೆಯಿಂದ ಕಡಿಮಿ ಆಗೇತ್ರಿ."

ತಲೆ ಎತ್ತಿದೆ. ಪಕ್ಕದ ಲೋಟದಲ್ಲಿ ಹಾಲು ಅರ್ಧಕ್ಕೆ ಇಳಿದಿತ್ತು.

ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಿಗೆ ಸಿಟ್ಟು ಬಂತು, ನನ್ನ ಮೇಲೇ. ಇವಳದ್ದನ್ನು ಕತ್ತರಿಸಿ ಅವಳಿಗೆ ಹಚ್ಚಿದ ಕೈ ನನ್ನದೇ ಅಲ್ಲವೇ?

ಹಿತ್ತಲಿಂದ ಒಳಗೆ ಬಂದ ಸರೋಜವ್ವನನ್ನು ತರಾಟೆಗೆ ತೆಗೆದುಕೊಂಡೆ. ಅವಳು ಜಗಳಕ್ಕೆ ಬರಲಿಲ್ಲ. "ದೊಡ್ಡ ಕೂಸು ನನ್ನ ಮಗಳನ್ನ ತಿಂತು ನುಜಹತ. ಇಕೀನೂ ಕಳಕೊಳ್ಳಲೇನು?" ಅಂದಳು.

"ಕಳಕೊಳ್ಳೋ ಹಾದಿ ನೀವ ಮಾಡಾಕತ್ತೀರಿ," ಅಂದೆ. ನನ್ನ ಗಂಡ ಜಾಕೀರನಿಗೆ ಫೋನು ಮಾಡಿ ಆಟೋ ತರಿಸಿದೆ. ಸರೋಜವ್ವ ಸುಧಾಳ ಜಂಪರವನ್ನು ಚೀಲಕ್ಕೆ ತುರುಕಿಕೊಂಡು ತಾನೂ ಹತ್ತಿದಳು.

ಹಾವೇರಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ನಗಲಿಲ್ಲ. "ತಿಂಗಳಿಗೆ ತಕ್ಕಷ್ಟು ಕೂಸು ಬೆಳೆದಿಲ್ಲ. ಅದಕ್ಕ ಹೋಗೋ ರಕ್ತಾನೂ ಕಡಿಮಿ ಆಗೇತಿ. ಇವತ್ತ ಆಪರೇಷನ್ ಮಾಡಿ ತಗೀಬೇಕು."

"ಸಣ್ಣ ಕೂಸು ಹಗೂರ ಬರ್ತೈತೆಲ್ಲರಿ?" ಅಂದಳು ಸರೋಜವ್ವ.

"ಸಣ್ಣ ಕೂಸಿಗೆ ಹೆರಿಗಿ ತಡಕೊಳ್ಳೋ ತ್ರಾಣ ಇರೂದಿಲ್ಲವ್ವ. ಹೊಟ್ಟ್ಯಾಗ ಸಾಯ್ತೈತಿ."

ಸರೋಜವ್ವ ಗೋಡೆ ಹಿಡಿದು ಕೂತಳು.

ಹೆಣ್ಣು ಕೂಸು. ಒಂದು ಕೇಜಿ ನಾನೂರು. ಚರ್ಮ ಸುಕ್ಕುಸುಕ್ಕು, ಮುಖದಲ್ಲಿ ಬರೀ ಕಣ್ಣು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಶ್ವೇತಾಗೆ ಹಾಲು ಇಳಿದಿರಲಿಲ್ಲ, ಮೂಗಿನ ನಳಿಕೆಯಲ್ಲಿ ಹನಿ ಹನಿ ಹಾಲು ಬಿಡುತ್ತಿದ್ದರು. ಮೂರನೇ ದಿನ ತೂಕ ಹಾಕಿದ ನರ್ಸು ತಕ್ಕಡಿ ಕೆಟ್ಟಿದೆ ಅಂದುಕೊಂಡು ಬೇರೆ ಕೂಸನ್ನಿಟ್ಟು ನೋಡಿದಳು. ತಕ್ಕಡಿ ಸರಿ ಇತ್ತು.

"ಮೊದಲ ದಿನಗಳಾಗ ಎಲ್ಲಾ ಕೂಸು ತೂಕ ಇಳೀತಾವ. ಇದು ನೂರು ಗ್ರಾಂ ಏರೇತಿ. ತುಟಿ ಮ್ಯಾಲೂ ಹಾಲು ಐತಿ. ಯಾರು ಕುಡಿಸಿದ್ರಿ?" ಅಂತ ನಮ್ಮನ್ನೇ ಗದರಿಸಿದಳು. ನಮ್ಮನ್ನು ಆ ಕೋಣೆಯ ಒಳಗೆ ಅವಳೇ ಬಿಟ್ಟಿರಲಿಲ್ಲ.

ಸರೋಜವ್ವ ಚೀಲದಿಂದ ಸುಧಾಳ ಜಂಪರ ತೆಗೆದು ನನ್ನ ಕೈಗೆ ಕೊಟ್ಟಳು. ಎದೆಯ ಮೇಲೆ ಎರಡೂ ಕಡೆ ತೊಯ್ದಿತ್ತು. ಹಾಲಿನ ವಾಸನೆ ಮೂಗಿಗೆ ಬಡಿಯಿತು. ಬಟ್ಟೆ ಬೆಚ್ಚಗಿತ್ತು.

"ಆಕಿದೂ ಹೆರಿಗಿ ಆತು," ಅಂದಳು.

ಐದನೇ ದಿನ ಶ್ವೇತಾಗೆ ಹಾಲು ಇಳಿಯಿತು. ಕೂಸನ್ನು ಅವಳ ಎದೆಗೆ ಕೊಟ್ಟರು. ಅದು ಬಾಯಿ ತೆರೆಯಲಿಲ್ಲ. ನರ್ಸು ಅಂಗಾಲು ತಟ್ಟಿದಳು, ಕಿವಿ ತಿಕ್ಕಿದಳು. ಕೂಸು ಅಳಲೂ ಇಲ್ಲ, ಹೊಟ್ಟೆ ತುಂಬಿದ ಕೂಸಿನ ಹಾಗೆ ಆರಾಮಾಗಿತ್ತು. ಮಂಚದ ಎಡಗಡೆ, ಯಾರೂ ಇಲ್ಲದ ಕಡೆ, ಕತ್ತು ಹೊರಳಿಸಿ ನೋಡುತ್ತಿತ್ತು. ಮಧ್ಯಾಹ್ನವೂ ಹಾಗೇ, ಸಂಜೆಯೂ ಹಾಗೇ.

"ನನ್ನ ಕಡೆ ನೋಡವಲ್ದು ಅಕ್ಕಾರ," ಅಂತ ಶ್ವೇತಾ ಅತ್ತಳು. "ಆಕಿ ಇದನ್ನ ಒಯ್ತಾಳ."

ನಾನು ಅಲ್ಲಾನ ಹೆಸರು ಹೇಳಿ ಕೂಸಿನ ಹಣೆ ಮುಟ್ಟಿದೆ. ಅದರ ಕಣ್ಣು ಆ ಕಡೆಯಿಂದ ಕದಲಲಿಲ್ಲ.

ಸರೋಜವ್ವ ಎದ್ದಳು. ಮಂಚ ಸುತ್ತಿಕೊಂಡು ಎಡಗಡೆಗೆ ಹೋಗಿ ನಿಂತಳು. ದಿನವೂ ತಾಟಿಟ್ಟು ಉಣಿಸಿದ ಮಗಳು ಕಡೆಗೂ ಮಡಿಲು ತುಂಬಿಸಿಕೊಂಡು ಅವಳ ಮುಂದಿದ್ದಳು. ಬೇಡ ಅನ್ನಬೇಕಾದವಳು ತಾಯಿಯೇ.

"ಸುಧಾ," ಅಂದಳು. "ಸಾಕವ್ವ. ಇದು ಶ್ವೇತಾನ ಕೂಸು. ನಿಂದು ನಿನ್ನ ಜೋಡಿ ಐತಿ, ಅದನ್ನ ಕರಕೊಂಡು ಹೋಗು. ಇನ್ನ ನಾ ತಾಟು ಇಡೂದಿಲ್ಲ."

ಫ್ಯಾನು ತಿರುಗುತ್ತಿತ್ತು. ಕೂಸು ಒಮ್ಮೆ ಕಣ್ಣು ಮಿಟುಕಿಸಿತು. ಆಮೇಲೆ ಮುಖ ಕಿವುಚಿ ಸಣ್ಣ ದನಿಯಲ್ಲಿ ಅಳತೊಡಗಿತು, ಹಸಿದ ಅಳು. ಶ್ವೇತಾ ಅವಸರದಿಂದ ಎದೆಗೆ ಹಚ್ಚಿಕೊಂಡಳು. ಅದು ಬಾಯಿ ಹಾಕಿ ಎಳೆಯಿತು. ಅವಳು ನೋವಿಗೆ ಹಲ್ಲು ಕಚ್ಚಿದಳು, ನಕ್ಕಳು.

ನಾನು ಸರೋಜವ್ವನ ಕಡೆ ನೋಡಿದೆ. ಅವಳು ಸೆರಗಿನ ತುದಿ ಹಿಡಿದು, ಎದುರಿಗಿದ್ದ ಖಾಲಿ ಜಾಗದಲ್ಲಿ, ಯಾರದೋ ಕಣ್ಣು ಒರೆಸುತ್ತಿದ್ದಳು.