ಮೂರು ಸಲ ಹುಡುಕಿದ ಹೆಸರು

ಬಸ್ ನಿಲ್ದಾಣದ ಎರಡನೆಯ ಮಹಡಿಯ ಕಚೇರಿಯಲ್ಲಿ ಅವನನ್ನು ಎಲ್ಲರೂ ವಿಳಾಸರಾಯ ಎಂದೇ ಕರೆಯುತ್ತಿದ್ದರು. ಬಸ್ ಕಂಪನಿಗೆ ಜಾಗ ಹುಡುಕುವ ಸರ್ವರ್ ಕಟ್ಟಿಕೊಟ್ಟವನು ಅವನೇ. ಕೆಳಗೆ ನಿಲ್ದಾಣದಲ್ಲಿ ನಾಲ್ಕು ಸ್ಕ್ರೀನ್‌ಗಳಿದ್ದವು. ಹೋಗಬೇಕಾದ ಜಾಗ ಬರೆದರೆ ಯಾವ ಬಸ್ಸು, ಎಷ್ಟು ಸ್ಟಾಪು ಎಂದು ಹೇಳುತ್ತಿದ್ದವು. ಹಾಗೆ ಹೇಳಬೇಕಾದರೆ ಬರೆದ ಮಾತಿಗೆ ನಕ್ಷೆಯ ಮೇಲೆ ಒಂದು ಚುಕ್ಕೆ ಸಿಗಬೇಕು. ಆ ಚುಕ್ಕೆ ಹುಡುಕಿಕೊಡುವುದೇ ಸರ್ವರ್‌ನ ಕೆಲಸ.

ಅದು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ ಸಾಫ್ಟ್‌ವೇರ್. ನಕ್ಷೆಯೂ ಅಷ್ಟೆ, ಗುರುತು ಪರಿಚಯವಿಲ್ಲದ ಸಾವಿರಾರು ಜನ ಪುಕ್ಕಟೆ ಬರೆದಿಟ್ಟದ್ದು. ಪುಕ್ಕಟೆ ಅಂದ ಮಾತ್ರಕ್ಕೆ ಸಲೀಸಲ್ಲ. ಮೊದಲ ಸಲ ನಕ್ಷೆಯನ್ನು ಒಳಗೆ ತುಂಬಲು ಬಿಟ್ಟಾಗ ಮೂವತ್ತೊಂದು ಗಂಟೆ ಓಡಿ, ಇನ್ನೇನು ಮುಗಿಯಿತು ಎನ್ನುವಾಗ ಡಿಸ್ಕ್ ತುಂಬಿ ಮಕಾಡೆ ಮಲಗಿತು. ಎರಡನೆಯ ಸಲ ದೊಡ್ಡ ಡಿಸ್ಕ್ ಹಾಕಿ, ಜ್ವರ ಬಂದ ಮಗುವಿನ ಪಕ್ಕ ಕೂತ ಹಾಗೆ ಕೂತ. ಹೊಸ ಬಡಾವಣೆಗಳ ಮನೆ ನಂಬರುಗಳು ನಕ್ಷೆಯಲ್ಲಿರಲಿಲ್ಲ. ಭಾನುವಾರಗಳಲ್ಲಿ ಬೀದಿ ಬೀದಿ ಅಲೆದು ಒಂದೊಂದನ್ನೂ ಬರೆದುಕೊಂಡು ಬಂದು ಸೇರಿಸಿದ. ಭಾನುವಾರ ಅವನಿಗೆ ಬೇರೆ ಕೆಲಸವಿರಲಿಲ್ಲ, ಮಾತಾಡಿಸುವವರೂ ಇರಲಿಲ್ಲ.

ಊರ ಮನೆಗಳನ್ನೆಲ್ಲ ಸೇರಿಸಿದ ಮಹಾರಾಯ ತನ್ನದೊಂದನ್ನು ಮಾತ್ರ ಬಿಟ್ಟಿದ್ದ. ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಹದಿನಾರು ಆದ ಮೇಲೆ ಹದಿನೆಂಟು. ದೀಪದ ಬುಡದಲ್ಲಿ ಕತ್ತಲೆ ಎನ್ನಬಹುದು, ಆದರೆ ಈ ಕತ್ತಲೆಯನ್ನು ಅವನು ಬೇಕೆಂದೇ ಇಟ್ಟುಕೊಂಡಿದ್ದ. ಅಲ್ಲಿಗೆ ಯಾರು ಬರಬೇಕಿತ್ತು?

ಬರಬಹುದಾದವಳು ಒಬ್ಬಳೇ, ಅವಳಿಗೂ ಬರಬೇಡ ಎಂದವನು ಅವನೇ. ಏಳು ವರ್ಷದ ಹಿಂದೆ ಅಮ್ಮ ಕಾಯಿಲೆ ಬಿದ್ದಾಗ ಅಕ್ಕ ಬೇರೆ ಊರಿನ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಹುಷಾರಾಗ್ತಿದ್ದಾಳೆ, ಗಾಬರಿ ಬೇಡ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಅವನು ಹೋಗಿ ಮುಟ್ಟುವಷ್ಟರಲ್ಲಿ ಅಮ್ಮ ಇರಲಿಲ್ಲ. ಅವತ್ತು ಹತ್ತು ಜನರ ಎದುರಿಗೆ, "ಇನ್ನು ನನ್ನ ಮನೆ ಬಾಗಿಲಿಗೆ ಬರಬೇಡ" ಅಂದುಬಿಟ್ಟ. ಆಮೇಲೆ ಫೋನ್ ನಂಬರು ಬದಲಿಸಿದ, ಮನೆಯನ್ನೂ ಬದಲಿಸಿದ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅವನ ಕೋಪ ಇಳಿದು ಆರು ವರ್ಷವಾಗಿತ್ತು. ಕಾಗದ ಬರೆಯಲು ಕೂತರೆ, ಯಾವ ಮುಖ ಇಟ್ಟುಕೊಂಡು ಎಂಬಲ್ಲಿಗೆ ಪೆನ್ನು ನಿಲ್ಲುತ್ತಿತ್ತು.

ದಿನಾ ಬೆಳಿಗ್ಗೆ ಅವನ ಮೊದಲ ಕೆಲಸ, ಜನ ಹುಡುಕಿ ಸಿಗದೆ ಹೋದ ಮಾತುಗಳ ಪಟ್ಟಿ ನೋಡುವುದು. ಹಳೇ ಹಲ್ಲಿನ ಡಾಕ್ಟರ್ ಇದ್ದ ಜಾಗ. ಮುಚ್ಚಿಹೋದ ಸೈಕಲ್ ಅಂಗಡಿ ಎದುರು. ಜನ ನಕ್ಷೆಯ ಹಾಗೆ ಮಾತಾಡುವುದಿಲ್ಲ, ಅದಕ್ಕೇ ಅವರ ಬಾಯಲ್ಲಿದ್ದ ಹೆಸರುಗಳನ್ನೂ ಅವನು ಸೇರಿಸುತ್ತಿದ್ದ. ಮೇಲಧಿಕಾರಿ ಮೇಡಂ ಒಂದು ನಿಯಮ ಮಾಡಿದ್ದರು: ಮೂರು ಸಲ ಹುಡುಕಿದ ಹೆಸರನ್ನು ಮಾತ್ರ ಸೇರಿಸಬೇಕು.

ಆ ಸೋಮವಾರದ ಪಟ್ಟಿಯಲ್ಲಿ ಶನಿವಾರದ ನಾಲ್ಕು ಸಾಲುಗಳಿದ್ದವು, ನಾಲ್ಕೂ ಮೂರನೆಯ ಸ್ಕ್ರೀನಿನವು. ಹನ್ನೊಂದು ಹತ್ತಕ್ಕೆ, 'ನೀರಿನ ಟ್ಯಾಂಕ್ ಹಿಂದೆ ಕಂಪ್ಯೂಟರ್ ಕೆಲಸದವರ ಮನೆ'. ಅವನಿಗೆ ನಗು ಬಂತು. ಊರಿನಲ್ಲಿ ನೀರಿನ ಟ್ಯಾಂಕುಗಳೇ ಹನ್ನೊಂದಿದ್ದವು. ಮೂರು ನಿಮಿಷ ಬಿಟ್ಟು, 'ಒಬ್ಬರೇ ಇರುವ ಗಂಡಸಿನ ಮನೆ'. ಹನ್ನೊಂದು ಇಪ್ಪತ್ತಕ್ಕೆ, 'ಸೊಟ್ಟಮೂತಿ'.

ನಗು ಅಲ್ಲೇ ನಿಂತಿತು. ಚಿಕ್ಕಂದಿನಲ್ಲಿ ಕೋಪ ಬಂದರೆ ಅವನು ಮೂತಿ ಸೊಟ್ಟ ಮಾಡಿಕೊಂಡು ಮೂಲೆ ಹಿಡಿಯುತ್ತಿದ್ದ. ಆ ಹೆಸರಿಟ್ಟವಳು ಅಕ್ಕ. ಅದನ್ನು ಬಲ್ಲವರು ಈಗ ಇಬ್ಬರೇ ಉಳಿದಿದ್ದರು. ಟ್ಯಾಂಕಿನ ಹಿಂದೆ ಎಂಬಷ್ಟನ್ನು ಯಾರ ಬಾಯಿಂದಲೋ ಕೇಳಿಕೊಂಡು ಬಂದಿರಬೇಕು. ನಾಲ್ಕನೆಯ ಸಾಲು ಸಂಜೆ ನಾಲ್ಕೂವರೆಯದು, ಹೊರ ಊರಿನ ಕೊನೆಯ ಬಸ್ಸುಗಳು ಹೊರಡುವ ಹೊತ್ತಿನದು: ಮತ್ತೆ 'ಸೊಟ್ಟಮೂತಿ'. ಆ ಶನಿವಾರ ಅವನು ರಜೆಯಿದ್ದರೂ ಬಂದು, ಅವಳ ತಲೆಯ ಮೇಲಿನ ಎರಡನೆಯ ಮಹಡಿಯಲ್ಲಿ ಡಬ್ಬಿ ಬಿಚ್ಚಿ ಒಬ್ಬನೇ ಊಟ ಮಾಡಿದ್ದ.

ಅವಳ ಹಳೆಯ ನಂಬರಿಗೆ ಫೋನ್ ಮಾಡಿದ. ಯಾರೋ ಗಂಡಸು ರಾಂಗ್ ನಂಬರ್ ಎಂದು ಇಟ್ಟ. ಮರುದಿನ ರಜೆ ಹಾಕಿ ಅವಳ ಊರಿಗೇ ಹೋದ. ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದರು, ಅವಳು ಎಲ್ಲಿಗೆ ಹೋದಳೆಂದು ಅವರಿಗೆ ಗೊತ್ತಿರಲಿಲ್ಲ. ಇನ್ನು ಅವಳನ್ನು ಮುಟ್ಟಲು ಉಳಿದಿದ್ದ ದಾರಿ ಆ ಮೂರನೆಯ ಸ್ಕ್ರೀನ್ ಒಂದೇ.

"ಇದ್ಯಾವ ಜಾಗ ರೀ, ಸೊಟ್ಟಮೂತಿ?" ಎಂದರು ಮೇಡಂ, ಅವನು ಸೇರಿಸಲು ಕೇಳಿದ ಹೆಸರು ನೋಡಿ.

"ಒಂದು ಮನೆ, ಮೇಡಂ. ಹಾಗೇ ಕರೀತಾರೆ."

"ಎಷ್ಟು ಜನ ಕರೀತಾರೆ?"

"ಒಬ್ರು."

"ಎಷ್ಟು ಸಲ ಹುಡುಕಿದ್ದಾರೆ?"

"ಎರಡು ಸಲ."

"ಮೂರಾಗ್ಲಿ ಬಿಡಿ. ಇಲ್ದಿದ್ರೆ ನಮ್ಮತ್ತೆ ಮನೆಗೆ ನಾನಿಟ್ಟಿರೋ ಹೆಸರನ್ನೂ ಸೇರಿಸ್ಬೇಕಾಗುತ್ತೆ."

ವಿಳಾಸರಾಯ ಕೆಳಗಿಳಿದು ಹೋಗಿ ಮೂರನೆಯ ಸ್ಕ್ರೀನಿನ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಒಂದೊಂದೇ ಅಕ್ಷರ ಒತ್ತಿ ಸೊಟ್ಟಮೂತಿ ಎಂದು ಬರೆದ. 'ಇಂಥ ಜಾಗ ಎಲ್ಲೂ ಇಲ್ಲ' ಎಂದು ಸ್ಕ್ರೀನ್ ಹೇಳಿತು. ಆ ವಾಕ್ಯ ಬರೆದವನೂ ಅವನೇ. ಅಕ್ಕ ಅದನ್ನು ನಾಲ್ಕು ಸಲ ಓದಿ ಹೋಗಿದ್ದಳು. ಹಿಂದೆ ನಿಂತವರು "ಆಯ್ತಾ ಸಾರ್?" ಎಂದು ಕೇಳುವ ತನಕ ಅವನು ಅಲ್ಲಿಂದ ಅಲುಗಲಿಲ್ಲ.

ಮೇಲೆ ಬಂದು ಹದಿನೇಳನೆಯ ನಂಬರನ್ನು ಸೇರಿಸಿದ, ಚುಕ್ಕೆಯನ್ನು ಸರಿಯಾಗಿ ಬಾಗಿಲ ಮೇಲೆ ಇಟ್ಟ. ಹೆಸರಿನ ಜಾಗದಲ್ಲಿ ಸೊಟ್ಟಮೂತಿ ಎಂದು ತುಂಬಿದ. ಹುಡುಕಿ ನೋಡಿದ. ಸಿಕ್ಕಿದ್ದು: ಒಂದು.

ಆಮೇಲೆ ಪ್ರತಿ ಶನಿವಾರ ಕಚೇರಿಗೆ ಬಂದು, ಮೂರನೆಯ ಸ್ಕ್ರೀನಿನ ಸಾಲುಗಳನ್ನು ಬಿಡದೆ ನೋಡುತ್ತಾ ಕೂತ. ಜನ ಆಸ್ಪತ್ರೆ ಹುಡುಕಿದರು, ಮಾರುಕಟ್ಟೆ ಹುಡುಕಿದರು. ಅವನನ್ನು ಯಾರೂ ಹುಡುಕಲಿಲ್ಲ. ಒಮ್ಮೆ ಬಂದು ಬರಿಗೈಯಲ್ಲಿ ಹೋದವಳು ಮತ್ತೇಕೆ ಬರುತ್ತಾಳೆ ಎಂದು ಐದನೆಯ ವಾರದ ಹೊತ್ತಿಗೆ ತನಗೆ ತಾನೇ ಹೇಳಿಕೊಳ್ಳತೊಡಗಿದ. ಆದರೂ ಬರುವುದನ್ನು ಬಿಡಲಿಲ್ಲ.

ಒಂಬತ್ತನೆಯ ಶನಿವಾರ, ಹನ್ನೊಂದು ಐದಕ್ಕೆ: ಸೊಟ್ಟಮೂತಿ. ಸಿಕ್ಕಿದ್ದು: ಒಂದು.

ಬಿದ್ದಂಬೀಳ ಮೆಟ್ಟಿಲಿಳಿದು ಬಂದಾಗ ಸ್ಕ್ರೀನಿನ ಮುಂದೆ ಯಾರೂ ಇರಲಿಲ್ಲ, ಆ ಕಡೆಯ ಬಸ್ಸು ಆಗಲೇ ಹೊರಟಿತ್ತು. ಮುಂದಿನದು ಇಪ್ಪತ್ತು ನಿಮಿಷಕ್ಕೆ. ಮನೆಗೆ ಬೀಗ ಹಾಕಿದೆ, ಬೀಗ ನೋಡಿ ವಾಪಸು ಹೋಗಿಬಿಡುತ್ತಾಳೆ ಎಂಬ ಭಯದಲ್ಲಿ ಬಸ್ಸಿನಲ್ಲಿ ಕೂರಲೂ ಆಗದೆ ಬಾಗಿಲ ಬಳಿಯೇ ನಿಂತಿದ್ದ.

ಅವಳು ಹೋಗಿರಲಿಲ್ಲ. ಕೂದಲು ಪೂರ್ತಿ ನೆರೆತಿತ್ತು. ಗೇಟಿನ ಹೊರಗೆ, ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಬಿಸಿಲಿನಲ್ಲಿ ನಿಂತಿದ್ದಳು.

"ಗೇಟಿಗೆ ಬೀಗ ಇಲ್ಲ ಅಕ್ಕ. ಒಳಗೆ ನೆರಳಲ್ಲಿ ಕೂರಬಾರದಿತ್ತಾ?"

"ಬಾಗಿಲಿಗೆ ಬರಬೇಡ ಅಂದಿದ್ಯಲ್ಲ," ಎಂದಳು ಅಕ್ಕ. "ಅದಕ್ಕೆ ಇಲ್ಲೇ ನಿಂತೆ."

ಅವನು ಚೀಲ ಎತ್ತಿಕೊಂಡು ಮುಂದೆ ನಡೆದ. ಬೀಗ ತೆಗೆಯಲು ಹೋಗಿ ಗೊಂಚಲಿನ ಬೇರೆ ಯಾವುದೋ ಕೀಲಿ ತೂರಿಸಿದ. ಅಕ್ಕ ಹಿಂದಿನಿಂದ ಬಂದು, ಗೊಂಚಲು ಕಸಿದುಕೊಂಡು, ಬಾಗಿಲನ್ನು ತಾನೇ ತೆಗೆದಳು.