ಪಟ್ಟಿಯ ಕೆಳಗಿನ ದಾರ

ಚಟ್ ಅಂದಿತಲ್ಲ, ಅಥವಾ ಅನ್ನಲಿಲ್ಲವೋ, ಬೆರಳ ತುದಿಗೆ ಸೂಜಿ ತಾಗಿದ ಹಾಗಾಯಿತು, ಬೆಳಗಿನಿಂದ ಹೀಟರ್ ಉರಿದು ಕೋಣೆ ಒಣಗಿಹೋಗಿದೆ, ಮೈಮೇಲೆ ಉಣ್ಣೆ ಸ್ವೆಟರ್, ಅದರದೇ ಕಿಡಿ ಇರಬೇಕು, ಆದರೆ ಹಾರಿದ್ದು ಎಲ್ಲಿಗೆ — ಬೆರಳುಗಳ ನಡುವೆ ಇರುವುದು ಎಲೆಕ್ಟ್ರಾನಿಕ್ ಚಿಪ್ಪು, ಕುಂಬಳಬೀಜದಷ್ಟು, ದೂರವಾಣಿ ಕೇಂದ್ರದ ಹಳೆಯ ಸ್ವಿಚ್ಚಿನಿಂದ ಈಗಷ್ಟೇ ಕಿತ್ತದ್ದು, ಹೊಸದರಲ್ಲಿ ಕೂರಿಸಬೇಕಾದ್ದು, ಕಿಡಿ ತಾಗಿ ಇದು ಸತ್ತಿದ್ದರೆ ಹೊಸ ಸ್ವಿಚ್ಚಿಗೆ ತಾನು ಯಾರೆಂದೇ ತಿಳಿಯುವುದಿಲ್ಲ, ಹಳ್ಳಿಗೊಂದರಂತೆ ಸಾಲಾಗಿ ಕೂರಿಸಿದ ಕಾರ್ಡುಗಳಿಗೆ ಒಂದು ಹಳ್ಳಿಯ ಗುರುತೂ ಹತ್ತುವುದಿಲ್ಲ, ಆಪತ್ತಿಗೆಂದು ನೂರಾಹನ್ನೆರಡು ಒತ್ತಿದವರ ಕಿವಿಗೆ ಬರೀ ಮೌನ. ಇರುವುದು ಇದೊಂದೇ, ಇನ್ನೊಂದು ರಾಜಧಾನಿ ಸೋಫಿಯಾದಿಂದ ಬರಬೇಕು, ನಾಳೆ, ಅದೂ ಕಣಿವೆಯ ಹಿಮ ದಾರಿ ಬಿಟ್ಟರೆ. ಮೈಯ ಕಿಡಿಯನ್ನು ನೆಲಕ್ಕಿಳಿಸುವ ಅರ್ಥಿಂಗ್ ಪಟ್ಟಿ ಕಟ್ಟಿದ್ದೇನಲ್ಲ, ಮಣಿಕಟ್ಟಿಗೆ ಬಿಗಿಯಾಗಿಯೇ ಇದೆ, ತಂತಿಯೂ ಇದೆ — ಅಯ್ಯೋ ದೇವರೇ, ಅದರ ಕೆಳಗೆ ದಾರ, ರಾದಿನ ಕಟ್ಟಿದ ಮಾರ್ತೆನಿತ್ಸ, ವಸಂತದ ರಕ್ಷೆದಾರ, ಕೆಂಪು ಬಿಳಿ ಉಣ್ಣೆ, ಏಳು ವರ್ಷದ ಮಗಳ ಕೈಗೆಲಸ, ಮೂರು ಬೆರಳಗಲ ಹೆಣೆದಿದ್ದಾಳೆ, ಪಟ್ಟಿಯ ಲೋಹ ಅದರ ಮೇಲೆ ಕೂತಿದೆ, ಚರ್ಮಕ್ಕೆ ತಾಗಿಯೇ ಇಲ್ಲ. ಮಾರ್ಚ್ ಒಂದರಂದು ಕಟ್ಟಿ ಏನೆಂದಳು, ಅಮ್ಮಾ, ಕೊಕ್ಕರೆನೋ ಹೂಬಿಟ್ಟ ಮರನೋ ಕಾಣೋವರೆಗೂ ಬಿಚ್ಚಬಾರದು, ಬಿಚ್ಚಿದ್ರೆ ನಂಗೆ ಕಾಯಿಲೆ ಬರತ್ತೆ, ಆಣೆ ಮಾಡು. ಮಾಡಿದ್ದೆ.

ಏನೇ ಸ್ನೆಜಾನ, ಚಿಪ್ ಹಿಡ್ಕೊಂಡು ಜಪ ಮಾಡ್ತಿದೀಯಾ, ಬಾಯ್ ತ್ಸಾಂಕೊ ಏಣಿಯ ಮೇಲಿಂದ ಕೂಗುತ್ತಾನೆ, ನಮ್ಮ ಹಿರಿಯ ಮೇಸ್ತ್ರಿ, ಎಲ್ಲರಿಗೂ ಬಾಯ್, ಅಂದರೆ ಅಣ್ಣ, ಅವನ ಮಾರ್ತೆನಿತ್ಸ ಜಾಣತನದಿಂದ ಕೋಟಿನ ಗುಂಡಿಗೆ ನೇತಾಡುತ್ತಿದೆ, ಅರ್ಧ ಗಂಟೆ ಯಾರೂ ಸಾಯಬೇಡಿ ಅಂತ ಹಳ್ಳಿಗಳಿಗೆಲ್ಲ ಹೇಳಿಟ್ಟಿದೀನಿ ಕಣಮ್ಮ, ಬೇಗ ಮುಗಿಸು. ನಗಬೇಕು, ನಗು ಬರುತ್ತಿಲ್ಲ. ರಾದಿನ ಬೆಟ್ಟದ ಮೇಲಿನ ದ್ರೆನೊವಿತ್ಸದಲ್ಲಿದ್ದಾಳೆ, ಅವಳ ಅಜ್ಜಿಯ ಹತ್ತಿರ, ಮೊಬೈಲ್ ಸಿಗದ ಊರು, ಈ ಸ್ವಿಚ್ಚಿನ ತಂತಿಯೊಂದೇ ಗತಿ, ಬೆಳಿಗ್ಗೆ ಫೋನಿನಲ್ಲಿ ಅವಳ ಉಸಿರು ಗೊರಗೊರ, ಉಬ್ಬಸದ ಪಂಪಿನಲ್ಲಿ ಔಷಧಿ ಮುಗೀತಾ ಬಂತು ಅಮ್ಮಾ, ಆಮೇಲೆ ಅಜ್ಜಿಯ ದನಿ, ನೀನು ಕೆಲಸಕ್ಕೆ ಹೋಗೇ, ಜಾಸ್ತಿ ಆದ್ರೆ ನೂರಾಹನ್ನೆರಡು ಇದ್ದೇ ಇದೆಯಲ್ಲ. ಹ್ಞೂಂ ಅಂದೆ. ಅಂದು, ಬಂದು, ನನ್ನ ಕೈಯಿಂದಲೇ ಆ ನೂರಾಹನ್ನೆರಡರ ಸ್ವಿಚ್ಚಿನ ವಿದ್ಯುತ್ ತೆಗೆದೆ. ಬಾಯ್ ತ್ಸಾಂಕೊಗೆ ಹೇಳಲೇ, ಪಟ್ಟಿ ಚರ್ಮಕ್ಕೆ ತಾಗಿರಲಿಲ್ಲ ಎಂದು, ಹೇಳಿದರೆ ಸತ್ತ ಚಿಪ್ಪು ಎದ್ದು ಕೂರುತ್ತದೆಯೇ, ಸತ್ತಿರದಿದ್ದರೆ ಇನ್ನೊಂದು ಕಿಡಿ ತಾಗಬಾರದು, ಪಟ್ಟಿಯನ್ನು ಕೆಲಸದ ಕೈಗೆ ಕಟ್ಟಿದರೆ ತಂತಿ ಅಡ್ಡ ಬರುತ್ತದೆ, ದಾರ ತೆಗೆಯಲೇಬೇಕು, ಕಿಟಕಿಯಾಚೆ ಬರಿಯ ಬೂದು ಆಕಾಶ, ಒಂದು ಕೊಕ್ಕರೆಯೂ ಇಲ್ಲ, ಒಂದು ಹೂಬಿಟ್ಟ ಮರವೂ ಇಲ್ಲ, ಇದ್ದರೂ ಕಾಯಲು ಹೊತ್ತಿಲ್ಲ. ಮೂಢನಂಬಿಕೆ, ಹೌದು, ನನಗೂ ಗೊತ್ತು, ಎಂಜಿನಿಯರ್ ನಾನು, ಹಾಗಾದರೆ ಕತ್ತರಿ ಹಿಡಿದೂ ಮತ್ತೆ ಕಿಟಕಿಯತ್ತ ಯಾಕೆ ನೋಡಬೇಕು. ಚಿಪ್ಪನ್ನು ಕೆಳಗಿಟ್ಟೆ. ಕತ್ತರಿಸಿದೆ. ದಾರ ನೆಲಕ್ಕೆ ಬಿತ್ತು, ತಪ್ಪಾಯ್ತು ಕಂದಾ, ತಪ್ಪಾಯ್ತು, ಪಟ್ಟಿಯ ಲೋಹ ಚರ್ಮಕ್ಕೆ ತಣ್ಣಗೆ ತಾಗಿತು.

ಚಿಪ್ಪಿನ ಕಚ್ಚು ಎಡಕ್ಕೆ, ಕಾಲುಗಳು ನೇರ, ಹೆಬ್ಬೆರಳಿನಿಂದ ಒತ್ತು, ಕೂತಿತು, ಈಗ ವಿದ್ಯುತ್ ಕೊಡು, ಕೊಡುತ್ತೇನೆ, ಫ್ಯಾನು ಗುಂಯ್ ಅನ್ನುತ್ತದೆ, ದೀಪ ಹಳದಿ, ಹಳದಿ, ಬದುಕಿರು ಮಹರಾಯ, ಹಳದಿ — ಹಸಿರು. ಬದುಕಿದೆ. ಒಂದೊಂದೇ ಕಾರ್ಡು ಕಣ್ಣು ಬಿಡುತ್ತಿದೆ, ಒಂದೊಂದೇ ಹಳ್ಳಿ, ಭಲೇ ಹುಡುಗಿ ಎಂದು ಬಾಯ್ ತ್ಸಾಂಕೊ ಏಣಿ ಇಳಿಯುತ್ತಿದ್ದಾನೆ, ಈ ದೀಪಗಳು ಹೀಗೇ ಸುಮ್ಮನೆ ಇದ್ದರೆ ಸಾಕು, ಕರೆ ಬಂದರೆ ತಾನೇ ಮಿನುಗುವುದು — ಕೊನೆಯ ಸಾಲಿನಲ್ಲಿ ಒಂದು ಮಿನುಗಿತು, ದ್ರೆನೊವಿತ್ಸದ್ದು. ಗಾಜಿನಾಚೆ ಆಪರೇಟರ್ ಬೊಜಾನ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು, ಹೇಳಿ, ಹೇಳಿ, ನಿಧಾನಕ್ಕೆ ಹೇಳಿ ಅಜ್ಜಿ. ದ್ರೆನೊವಿತ್ಸದಲ್ಲಿ ಬೇರೆ ಮನೆಗಳೂ ಇವೆ, ಬೇರೆ ಅಜ್ಜಿಯರೂ ಇದ್ದಾರೆ, ಇದ್ದಾರೆ, ಬೊಜಾನ ತಲೆಯೆತ್ತಿ ನನ್ನ ಕಡೆ ಯಾಕೆ ನೋಡುತ್ತಿದ್ದಾಳೆ, ನಾನು ನೋಡುವುದಿಲ್ಲ, ನಾನು ದೀಪವನ್ನೇ ನೋಡುತ್ತೇನೆ, ಹಸಿರು ದೀಪ, ಮಿನುಗುತ್ತಿದೆ, ಮಿನುಗುತ್ತಿದೆ